ಮಾಯದ ವ್ರಣ: ಮಧುಮೇಹದಲ್ಲಿ ಚರ್ಮಕೋಶಗಳ ಕಾರ್ಯವನ್ನು ಕುರಿತ ಅರಿವಿನ ಚರಿತ್ರೆ

ಗಾಯ ಗುಣವಾಗುವುದನ್ನು ಹೇಳುವುದಕ್ಕೆ ಕನ್ನಡದಲ್ಲಿ ರೂಢವಾಗಿರುವ ಮಾತು ‘ಮಾಯು’ ಎಂಬುದು. ಕಾಣದಂತಾಗು ಎಂಬ ಅರ್ಥವೂ ಆ ಧಾತುವಿಗೆ ಉಂಟು. ಸಂಸ್ಕೃತ ವೈದ್ಯಗ್ರಂಥಗಳು ಇದೇ ವ್ಯಾಪಾರವನ್ನು ‘ರೋಪಣ’ವೆಂದು ಕರೆದವು, ನೆಡುವುದು, ಬೆಳೆಯಿಸುವುದು ಎಂಬ ಭಾವ ಅದರಲ್ಲಿದೆ. ನಮ್ಮ ಮಾತು ಕೊನೆಯಲ್ಲಿ ಕಣ್ಣಿಗೆ ತೋರುವ ಫಲವನ್ನು ಹೇಳಿದರೆ, ಸಂಸ್ಕೃತದ ಮಾತು ಆ ಫಲವನ್ನು ತರುವ ಕೆಲಸವನ್ನು ಹೇಳುತ್ತದೆ. ಆ ಕೆಲಸವನ್ನು ಮಾಡುವವರು ಯಾರು? ವೈದ್ಯನೋ, ಅವನ ಲೇಪವೋ, ರೋಗಿಯ ರಕ್ತವೋ, ಗಾಯದ ಅಂಚಿನಲ್ಲಿರುವ ಚರ್ಮವೋ? ಆರೋಗ್ಯವಂತನ ಮೈಯಲ್ಲಿ ಗಾಯವು ತಾನಾಗಿ ಮಾಯುವುದರಿಂದ ಈ ಪ್ರಶ್ನೆ ಹುಟ್ಟುವುದೇ ಇಲ್ಲ. ಮಧುಮೇಹಿಯ ಪಾದದಲ್ಲಿ ತಿಂಗಳುಗಟ್ಟಲೆ ಬಾಯಿ ತೆರೆದೇ ಇರುವ ಹುಣ್ಣು ಈ ಪ್ರಶ್ನೆಯನ್ನು ಕೇಳಿಯೇ ತೀರಬೇಕಾದಂತೆ ಮಾಡಿತು.

ಪ್ರಶ್ನೆಯು ಕೇವಲ ಪಂಡಿತರ ಕುತೂಹಲಕ್ಕೆ ಸಂಬಂಧಿಸಿದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನ ಮಂಡಲಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ೧೦.೧ ಕೋಟಿಯೆಂದು ಅಂದಾಜು ಮಾಡಿತು. ಕುಳಿತು ಕೆಲಸ ಮಾಡುವ ನಗರವಾಸಿಗಳಲ್ಲಿ, ಅಂದರೆ ಈ ಪತ್ರಿಕೆಯ ವಾಚಕವರ್ಗದಲ್ಲಿಯೇ, ರೋಗದ ಪರಿಚಯವಿಲ್ಲದ ಮನೆ ವಿರಳ. ಕಾಲ್ಬೆರಳಿನ ಸಣ್ಣ ಹುಣ್ಣಿನಿಂದ ಆರಂಭವಾಗಿ ಕಾಲನ್ನೇ ಕತ್ತರಿಸುವಲ್ಲಿಗೆ ಮುಗಿಯುವ ಕಥೆಯನ್ನು ಕೇಳದವರೂ ವಿರಳ. ಆ ಹುಣ್ಣು ಏಕೆ ಮಾಯುವುದಿಲ್ಲ ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ವ್ರಣವಿಚಾರದಲ್ಲಿ ಸುಶ್ರುತಸಂಹಿತೆಯಷ್ಟು ವಿಸ್ತಾರವಾಗಿ ಬರೆದ ಪ್ರಾಚೀನ ಗ್ರಂಥಗಳು ಕೆಲವೇ. ಚಿಕಿತ್ಸಾಸ್ಥಾನದ ಮೊದಲ ಅಧ್ಯಾಯದಲ್ಲಿ ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದೆ. ಶುದ್ಧವ್ರಣ, ದುಷ್ಟವ್ರಣ ಎಂಬ ವಿಭಾಗವೂ, ಮೊದಲು ಶೋಧನ ಆಮೇಲೆ ರೋಪಣ ಎಂಬ ಕ್ರಮವೂ ಅಲ್ಲಿ ಸ್ಪಷ್ಟವಾಗಿವೆ. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಮೀಪವಾದ ಮಾತು ಸೂತ್ರಸ್ಥಾನದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿದೆ. ಕಷ್ಟದಿಂದ ಗುಣವಾಗುವ ವ್ರಣಗಳು ಯಾರವು ಎಂದು ಎಣಿಸುವಾಗ ಸುಶ್ರುತನು ಕುಷ್ಠರೋಗಿಗಳು, ವಿಷಪೀಡಿತರು, ಶೋಷರೋಗಿಗಳು, ಮಧುಮೇಹಿಗಳು ಎಂದು ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾನೆ.

ಸುಶ್ರುತನ ‘ಕುಷ್ಠ’ ಶಬ್ದವು ಅನೇಕ ಚರ್ಮರೋಗಗಳನ್ನು ಒಳಗೊಳ್ಳುವುದು; ಇಂದು ನಾವು ಕುಷ್ಠವೆನ್ನುವ ರೋಗವೊಂದೇ ಅದರ ಅರ್ಥವಲ್ಲ. ಆದುದರಿಂದ ಕುಷ್ಠ ಮತ್ತು ಮಧುಮೇಹಗಳನ್ನು ಒಟ್ಟಿಗೆ ಹೇಳಿದುದನ್ನು ಕಂಡು, ಆತನಿಗೆ ನರಗಳ ಕ್ಷಯ ತಿಳಿದಿತ್ತೆಂದು ಹೇಳಹೊರಡುವುದು ವಿವೇಕವಲ್ಲ. ಆತನದು ರೋಗಿಯನ್ನು ಎದುರಿಗಿಟ್ಟುಕೊಂಡು ನೋಡಿದವನ ಮಾತು. ಕಾರಣದ ನಿರೂಪಣೆ ಅದರಲ್ಲಿಲ್ಲ. ಆದರೆ ಈ ಎರಡು ಹೆಸರುಗಳ ಜೋಡಣೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಇಪ್ಪತ್ತನೆಯ ಶತಮಾನದಲ್ಲಿ ಅವು ಬೇರೊಂದು ರೀತಿಯಲ್ಲಿ ಮತ್ತೆ ಕೂಡಿಕೊಂಡವು.

೨

ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಈ ಪ್ರಶ್ನೆಯು ಎರಡು ಪ್ರತ್ಯೇಕ ಪ್ರವಾಹಗಳಾಗಿ ಹರಿಯಿತು. ಒಂದು ಪಾದದ ವಿಚಾರ, ಇನ್ನೊಂದು ಚರ್ಮದ ವಿಚಾರ.

ಪಾದದ ವಿಚಾರವನ್ನು ಮೊದಲು ನೋಡೋಣ. ಅಂಗಾಲಿನಲ್ಲಿ ಆಳವಾಗಿ ಕೊರೆಯುತ್ತ ಹೋಗುವ, ನೋವಿಲ್ಲದ ಹುಣ್ಣಿಗೆ ಲಂಡನ್ನಿನ ಶಸ್ತ್ರವೈದ್ಯ ಫ್ರೆಡರಿಕ್ ಟ್ರೀವ್ಸ್ ೧೮೮೪ರಲ್ಲಿ ಒಂದು ಚಿಕಿತ್ಸಾಕ್ರಮವನ್ನು ಪ್ರಕಟಿಸಿದರು. ಸುತ್ತಲಿನ ಜಡ್ಡುಗಟ್ಟಿದ ಚರ್ಮವನ್ನು ಹೆರೆದುಹಾಕುವುದು, ಕಾಲಿಗೆ ವಿಶ್ರಾಂತಿ ಕೊಡುವುದು, ಮಾಯ್ದ ಮೇಲೆ ತಕ್ಕ ಪಾದರಕ್ಷೆಯನ್ನು ತೊಡಿಸುವುದು ಇವು ಅದರ ಅಂಗಗಳು. ಮೂರು ವರ್ಷಗಳ ಅನಂತರ, ೧೮೮೭ರಲ್ಲಿ, ಡೇವಿಸ್ ಪ್ರೈಸ್ ಎಂಬ ವೈದ್ಯರು ಇಂತಹ ಹುಣ್ಣು ಎರಡೂ ಪಾದಗಳಲ್ಲಿದ್ದ ಒಬ್ಬ ಮಧುಮೇಹಿಯ ವೃತ್ತಾಂತವನ್ನು ವರದಿ ಮಾಡಿ, ನರಗಳ ವಿಕಾರದ ಕಡೆಗೆ ಗಮನ ಸೆಳೆದರು.

ಚರ್ಮದ ವಿಚಾರ ಇದಕ್ಕಿಂತ ಸ್ವಲ್ಪ ಹಿಂದೆಯೇ ಪ್ಯಾರಿಸ್ಸಿನಲ್ಲಿ ಮೊದಲಾಗಿತ್ತು. ೧೮೬೯ರಲ್ಲಿ ಜಾಕ್-ಲೂಯಿ ರೆವೆರ್ದಾಂ ಎಂಬ ಸ್ವಿಸ್ ಯುವವೈದ್ಯನು ಅಗಲವಾದ ಒಂದು ಹಸಿಗಾಯದ ನಡುವೆ ಹೊರಚರ್ಮದ ಅತಿ ಸಣ್ಣ ಚೂರುಗಳನ್ನು ಇಟ್ಟು ನೋಡಿದನು. ಅವು ಅಂಟಿಕೊಂಡು ದ್ವೀಪಗಳಂತೆ ನಿಂತವು. ಪ್ರತಿಯೊಂದು ದ್ವೀಪದ ಅಂಚಿನಿಂದಲೂ ಹೊಸ ಚರ್ಮ ಹರಡತೊಡಗಿತು. ಚರ್ಮವೆಂದರೆ ದೇಹದ ಮೇಲೆ ಹೊದಿಸಿದ ನಿಶ್ಚೇಷ್ಟವಾದ ಹೊದಿಕೆ ಎಂಬ ಭಾವನೆ ಇಲ್ಲಿಂದ ಸಡಿಲವಾಯಿತು. ಬೀಜದಂತೆ ನೆಟ್ಟಲ್ಲಿ ಬೆಳೆಯುವ ಶಕ್ತಿ ಅದರ ಕೋಶಗಳಲ್ಲಿದೆಯೆಂಬುದು ಕಣ್ಣಿಗೆ ಕಂಡಿತು. ‘ರೋಪಣ’ವೆಂಬ ಹಳೆಯ ಹೆಸರಿಗೆ ಅಕ್ಷರಶಃ ನಿದರ್ಶನ ದೊರೆತಂತಾಯಿತೆನ್ನಬಹುದು. ಪಾದವನ್ನು ನೋಡುತ್ತಿದ್ದವರಿಗೂ ಚರ್ಮವನ್ನು ನೋಡುತ್ತಿದ್ದವರಿಗೂ ಪರಸ್ಪರ ಸಂಪರ್ಕ ಬಹುಕಾಲ ಒದಗಲಿಲ್ಲ.

೩

ನಡುವೆ ಇನ್ಸುಲಿನ್ ಬಂದಿತು. ೧೯೨೧ರಲ್ಲಿ ಟೊರೊಂಟೊ ನಗರದಲ್ಲಿ ಬ್ಯಾಂಟಿಂಗ್, ಬೆಸ್ಟ್, ಮ್ಯಾಕ್ಲಿಯಡ್, ಕಾಲಿಪ್ ಇವರ ಪರಿಶ್ರಮ ಫಲಿಸಿ, ೧೯೨೨ರ ಜನವರಿಯಲ್ಲಿ ಮೊದಲ ರೋಗಿಗೆ ಅದನ್ನು ಕೊಡಲಾಯಿತು. ಮೂರ್ಛೆಯಿಂದ ಸಾಯುತ್ತಿದ್ದವರು ಬದುಕಿ ಉಳಿದರು. ರಕ್ತದ ಸಕ್ಕರೆ ಇಳಿದರೆ ಹುಣ್ಣೂ ಮಾಯುವುದೆಂಬ ಆಶೆ ಸಹಜವಾಗಿಯೇ ಮೂಡಿತು. ಆದರೆ ಹೆಚ್ಚು ವರ್ಷ ಬದುಕಿದವರಲ್ಲಿ ರೋಗವು ನರಗಳನ್ನೂ ರಕ್ತನಾಳಗಳನ್ನೂ ಮೆಲ್ಲನೆ ಕೆಡಿಸುವ ಅವಕಾಶ ಹೆಚ್ಚಿತು. ಬಾಸ್ಟನ್ನಿನ ಪ್ರಸಿದ್ಧ ಮಧುಮೇಹವೈದ್ಯ ಎಲಿಯಟ್ ಜಾಸ್ಲಿನ್ ೧೯೩೪ರಲ್ಲಿ ಪಾದದ ಕೊಳೆತವನ್ನೇ ವಿಷಯವಾಗಿಟ್ಟುಕೊಂಡು ಎಚ್ಚರಿಕೆಯ ಲೇಖನವೊಂದನ್ನು ಬರೆಯಬೇಕಾಯಿತು. ಅದು ದೈವದಿಂದ ಬಂದ ಆಪತ್ತಲ್ಲ, ಪಾದವನ್ನು ನಿತ್ಯವೂ ತೊಳೆದು ನೋಡಿಕೊಂಡರೆ ಬಹುಮಟ್ಟಿಗೆ ತಪ್ಪಿಸಬಹುದಾದುದು ಎಂಬುದು ಅವರ ಉಪದೇಶದ ಸಾರ. ಒಂದು ರೋಗದ ಮುಖ್ಯ ಔಷಧವು ಸಿಕ್ಕ ಮಾತ್ರಕ್ಕೆ ಅದರ ಹುಣ್ಣಿನ ಔಷಧವು ಸಿಕ್ಕಂತಾಗಲಿಲ್ಲ.

ಎರಡನೆಯ ಪಾಠವನ್ನು ಕಲಿಸಿದುದು ನಮ್ಮ ನೆರೆಯ ವೆಲ್ಲೂರು. ೧೯೧೪ರಲ್ಲಿ ತಮಿಳುನಾಡಿನ ಕೊಲ್ಲಿಬೆಟ್ಟಗಳಲ್ಲಿ ಹುಟ್ಟಿದ ಡಾಕ್ಟರ್ ಪಾಲ್ ಬ್ರ್ಯಾಂಡ್, ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದು ಕುಷ್ಠರೋಗಿಗಳ ಕೈಕಾಲುಗಳ ಶಸ್ತ್ರಚಿಕಿತ್ಸೆಯನ್ನು ಕೈಗೊಂಡರು. ಕುಷ್ಠರೋಗಿಯ ಮಾಂಸವೇ ಕೆಟ್ಟದ್ದು, ಆದುದರಿಂದ ಅದು ಮಾಯುವುದಿಲ್ಲ ಎಂದು ಆಗ ವೈದ್ಯರೂ ನಂಬಿದ್ದರು. ಹುಣ್ಣಾದ ಕಾಲನ್ನು ಪ್ಲಾಸ್ಟರ್ ಪಟ್ಟಿಯಲ್ಲಿ ಬಿಗಿದು, ಒತ್ತಡ ತಾಗದಂತೆ ಕಾಪಾಡಿದಾಗ ಅದೇ ಮಾಂಸವು ಬೇರೆಯವರಲ್ಲಿ ಮಾಯುವಂತೆಯೇ ಮಾಯುವುದನ್ನು ಬ್ರ್ಯಾಂಡ್ ಕಂಡರು. ಕೊರತೆಯಿದ್ದುದು ನೋವಿನಲ್ಲಿ. ನೋವು ತಿಳಿಯುವವನು ಹುಣ್ಣಾದ ಕಾಲನ್ನು ಎತ್ತಿ ಕುಂಟುತ್ತಾನೆ. ತಿಳಿಯದವನು ಅದರ ಮೇಲೆಯೇ ನಡೆದು, ಹಗಲೆಲ್ಲ ಕಟ್ಟಿದ ಚರ್ಮವನ್ನು ಹಗಲೆಲ್ಲ ಅರೆಯುತ್ತಾನೆ. ೧೯೬೬ರಲ್ಲಿ ಅವರು ಅಮೆರಿಕದ ಲೂಯಿಸಿಯಾನ ಪ್ರಾಂತದ ಕಾರ್‌ವಿಲ್ಲಿನ ಕುಷ್ಠಾಸ್ಪತ್ರೆಗೆ ಹೋದರು. ಕುಷ್ಠದ ಪಾದಕ್ಕೆ ಒಗ್ಗಿದ ಪ್ಲಾಸ್ಟರ್ ಕ್ರಮವೇ ಮಧುಮೇಹಿಯ ಪಾದಕ್ಕೂ ಒಗ್ಗುವುದೆಂಬ ಅರಿವು ಅಲ್ಲಿಂದ ವ್ಯಾಪಕವಾಗಿ ಹರಡಿತು. ಸುಶ್ರುತನ ಸಾಲಿನಲ್ಲಿ ಪಕ್ಕಪಕ್ಕದಲ್ಲಿದ್ದ ಎರಡು ಹೆಸರುಗಳು ಈ ಸಲ ಕಾರಣಸಹಿತವಾಗಿ ಕೂಡಿದವು.

ಚರ್ಮಕೋಶದ ಚರಿತ್ರೆಗೆ ಇದರಿಂದ ಒದಗಿದ ತತ್ತ್ವ ದೊಡ್ಡದು. ಕೋಶಗಳು ಕೆಲಸಗೇಡಿಗಳೆಂದು ತೀರ್ಮಾನಿಸುವ ಮೊದಲು, ಅವುಗಳಿಗೆ ಕೆಲಸ ಮಾಡಲು ಅವಕಾಶವಿದೆಯೇ ಎಂದು ನೋಡಬೇಕು.

೪

ಅದೇ ಕಾಲದಲ್ಲಿ ಕೋಶಗಳ ಕೆಲಸವೂ ಬಿಡಿಬಿಡಿಯಾಗಿ ಬೆಳಕಿಗೆ ಬರುತ್ತಿತ್ತು. ೧೯೬೨ರಲ್ಲಿ ಇಂಗ್ಲೆಂಡಿನ ಜಾರ್ಜ್ ವಿಂಟರ್ ಹಂದಿಮರಿಗಳ ಮೈಮೇಲಿನ ಗಾಯಗಳನ್ನು ಎರಡು ಬಗೆಯಾಗಿ ಪರೀಕ್ಷಿಸಿದರು. ಕೆಲವನ್ನು ಗಾಳಿಗೆ ಬಿಟ್ಟು ಹಕ್ಕಳೆಗಟ್ಟಗೊಟ್ಟರು. ಕೆಲವನ್ನು ಪಾಲಿಥೀನ್ ಹಾಳೆಯಿಂದ ಮುಚ್ಚಿ ಹಸಿಯಾಗಿಯೇ ಇರಿಸಿದರು. ಮುಚ್ಚಿದ ಗಾಯದ ಮೇಲೆ ಹೊರಚರ್ಮವು ಸುಮಾರು ಇಮ್ಮಡಿ ವೇಗದಿಂದ ಹರಡಿತು. ಹಕ್ಕಳೆಯ ಕೆಳಗಿನ ಒಣ ಪದರವನ್ನು ಕೊರೆದುಕೊಂಡು ಸಾಗಬೇಕಾದ ಕಷ್ಟ ಅಲ್ಲಿನ ಕೋಶಗಳಿಗಿರಲಿಲ್ಲ. ಗಾಯ ಒಣಗಿದರೆ ಒಳ್ಳೆಯದೆಂಬ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಅದೇ ವರ್ಷ ಅಮೆರಿಕದ ಸ್ಟ್ಯಾನ್ಲಿ ಕೊಹೆನ್ ಇಲಿಯ ಲಾಲಾಗ್ರಂಥಿಯಿಂದ ಬೇರ್ಪಡಿಸಿದ ಒಂದು ಪ್ರೋಟೀನಿನ ವಿವರವನ್ನು ಪ್ರಕಟಿಸಿದರು. ಅದನ್ನು ಚುಚ್ಚಿದ ಇಲಿಮರಿಗಳು ಹೊತ್ತಿಗೆ ಮೊದಲೇ ಕಣ್ಣು ತೆರೆದವು. ಹೊರಚರ್ಮದ ಕೋಶಗಳು ಶೀಘ್ರವಾಗಿ ಬೆಳೆದುದೇ ಕಾರಣವೆಂದು ಗೊತ್ತಾಯಿತು. ಕೋಶಕ್ಕೆ ಆಜ್ಞೆಯನ್ನು ಒಯ್ಯುವ ಇಂತಹ ಬೆಳವಣಿಗೆಯ ದ್ರವ್ಯಗಳ ಶೋಧಕ್ಕಾಗಿ ಕೊಹೆನ್ನರಿಗೂ ರೀಟ ಲೆವಿ-ಮೊಂಟಾಲ್ಚಿನಿಯವರಿಗೂ ೧೯೮೬ರ ನೊಬೆಲ್ ಪಾರಿತೋಷಕ ಸಂದಿತು.

೧೯೭೫ರಲ್ಲಿ ಮೆಸಾಚುಸೆಟ್ಸಿನ ಜೇಮ್ಸ್ ರೈನ್‌ವಾಲ್ಡ್ ಮತ್ತು ಹೋವರ್ಡ್ ಗ್ರೀನ್ ಮನುಷ್ಯನ ಹೊರಚರ್ಮದ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಪೀಳಿಗೆ ಪೀಳಿಗೆಯಾಗಿ ಬೆಳೆಸುವ ವಿಧಾನವನ್ನು ತಿಳಿಸಿದರು. ಇವುಗಳಿಗೆ ಕೆರಟಿನೊಸೈಟ್ ಎಂದು ಹೆಸರು. ಉಗುರು ಕೂದಲುಗಳ ದ್ರವ್ಯವಾದ ಕೆರಟಿನನ್ನು ತಯಾರಿಸುವ ಕೋಶಗಳೆಂದು ಅರ್ಥ. ಒಂಟಿಯಾಗಿ ಬಿಟ್ಟರೆ ಸೊರಗುವ ಇವು, ಒಳಚರ್ಮದ ನಾರನ್ನು ಹೆಣೆಯುವ ಫೈಬ್ರೊಬ್ಲಾಸ್ಟ್ ಜಾತಿಯ ಇಲಿಕೋಶಗಳ ಸಹವಾಸದಲ್ಲಿ ಹುಲುಸಾಗಿ ಬೆಳೆದವು. ೧೯೭೯ರಲ್ಲಿ ಯೂಜೀನ್ ಬೆಲ್ ಕೊಲಾಜನ್ ಎಂಬ ನಾರಿನ ಜಾಲದಲ್ಲಿ ಫೈಬ್ರೊಬ್ಲಾಸ್ಟುಗಳನ್ನು ಸೇರಿಸಿದಾಗ, ಅವು ಆ ಜಾಲವನ್ನು ಎಳೆದು ಕುಗ್ಗಿಸಿ ಒಳಚರ್ಮದಂತೆ ಗಟ್ಟಿ ಮಾಡಿದವು.

ಈ ಎಲ್ಲ ಶೋಧಗಳನ್ನು ಒಟ್ಟುಗೂಡಿಸಿದರೆ ಗಾಯ ಮಾಯುವ ಕ್ರಮದ ಚಿತ್ರ ದೊರೆಯುತ್ತದೆ. ರಕ್ತ ಹೆಪ್ಪುಗಟ್ಟುತ್ತದೆ, ಬಿಳಿಯ ರಕ್ತಕಣಗಳು ಬಂದು ಕಸವನ್ನೂ ಕ್ರಿಮಿಗಳನ್ನೂ ತೆಗೆಯುತ್ತವೆ. ಕೆಲವು ಗಂಟೆಗಳಲ್ಲಿಯೇ ಅಂಚಿನ ಕೆರಟಿನೊಸೈಟುಗಳು ನೆರೆಯ ಕೋಶಗಳೊಡನಿದ್ದ ಬಿಗಿತವನ್ನು ಸಡಿಲಿಸಿ, ಚಪ್ಪಟೆಯಾಗಿ, ಗಾಯದ ನೆಲದ ಮೇಲೆ ತೆವಳತೊಡಗುತ್ತವೆ. ಅವುಗಳ ಹಿಂದಿರುವ ಕೋಶಗಳು ಒಡೆದು ಸಂಖ್ಯೆಯನ್ನು ತುಂಬಿಕೊಡುತ್ತವೆ. ಕೆಳಗೆ ಫೈಬ್ರೊಬ್ಲಾಸ್ಟುಗಳು ಹೊಸ ನಾರನ್ನು ನೇಯುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ. ಎರಡು ಕಡೆಯ ಅಂಚುಗಳು ಕೂಡಿದೊಡನೆ ಕೆರಟಿನೊಸೈಟುಗಳು ಚಲನೆಯನ್ನು ನಿಲ್ಲಿಸಿ ಮತ್ತೆ ಪದರಗಟ್ಟುತ್ತವೆ. ತೆವಳುವುದು, ಹೆಚ್ಚುವುದು, ನಿಲ್ಲುವುದು ಇವು ಮೂರೂ ತಕ್ಕ ಹೊತ್ತಿಗೆ ನಡೆಯಬೇಕು.

೫

ಕೋಶವನ್ನು ಬೆಳೆಸಲು ಬಂದಿತು, ಅದಕ್ಕೆ ಆಜ್ಞೆ ಕೊಡುವ ದ್ರವ್ಯವೂ ದೊರೆಯಿತು. ಇನ್ನು ಇವನ್ನು ಹುಣ್ಣಿನ ಮೇಲೆ ಇಟ್ಟರಾಯಿತು ಎಂಬ ಉತ್ಸಾಹ ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಕಂಡುಬರುತ್ತದೆ. ರಕ್ತದ ಕಿರುಬಿಲ್ಲೆಗಳಿಂದ ಹೊರಡುವ ಬೆಳವಣಿಗೆಯ ದ್ರವ್ಯವನ್ನು ಕೃತಕವಾಗಿ ತಯಾರಿಸಿದ ಬೆಕಾಪ್ಲರ್ಮಿನ್ ಎಂಬ ಲೇಪಕ್ಕೆ ೧೯೯೭ರಲ್ಲಿ ಅಮೆರಿಕ ಸರ್ಕಾರದ ಅನುಮತಿ ದೊರೆಯಿತು. ಬೆಲ್ಲರ ಕೆಲಸದಿಂದ ಬೆಳೆದುಬಂದ, ಎರಡು ಪದರಗಳ ಜೀವಂತ ಚರ್ಮವಾದ ಆಪ್ಲಿಗ್ರಾಫ್ ೨೦೦೦ದಲ್ಲಿಯೂ, ಫೈಬ್ರೊಬ್ಲಾಸ್ಟುಗಳನ್ನು ಮಾತ್ರ ಹೊತ್ತ ಡರ್ಮಾಗ್ರಾಫ್ಟ್ ೨೦೦೧ರಲ್ಲಿಯೂ ಮಧುಮೇಹಿಯ ಪಾದದ ಹುಣ್ಣಿಗೆ ಅನುಮತಿ ಪಡೆದವು.

ಫಲವೇನಾಯಿತು? ಬೆಕಾಪ್ಲರ್ಮಿನ್ ಹಚ್ಚಿದವರಲ್ಲಿ ನೂರಕ್ಕೆ ೫೦ ಮಂದಿಯ ಹುಣ್ಣು ಪೂರ್ಣವಾಗಿ ಮುಚ್ಚಿತು. ಬರಿಯ ಲೇಪ ಹಚ್ಚಿದವರಲ್ಲಿ ೩೫. ಆಪ್ಲಿಗ್ರಾಫ್ ಪರೀಕ್ಷೆಯಲ್ಲಿ ಹನ್ನೆರಡು ವಾರಗಳಿಗೆ ೫೬, ಎದುರು ಗುಂಪಿನಲ್ಲಿ ೩೮. ಡರ್ಮಾಗ್ರಾಫ್ಟಿನಲ್ಲಿ ೩೦, ಎದುರು ಗುಂಪಿನಲ್ಲಿ ೧೮. ಪ್ರಯೋಜನ ನಿಜ, ಆದರೆ ಬೆಲೆಬಾಳುವ ಈ ಸಾಧನಗಳನ್ನು ಪಡೆದವರಲ್ಲಿಯೂ ಅರ್ಧದಷ್ಟು, ಕೆಲವು ಕಡೆ ಅದಕ್ಕಿಂತ ಹೆಚ್ಚು ಮಂದಿಯ ಹುಣ್ಣು ತೆರೆದೇ ಉಳಿಯಿತು. ಇಟ್ಟ ಕೋಶಗಳು ಪರಕೀಯವಾದವುಗಳಾದುದರಿಂದ ಅಲ್ಲಿ ಚಿರಕಾಲ ನೆಲಸುವುದೂ ಇಲ್ಲ. ಅವು ಸ್ವಲ್ಪ ಕಾಲವಿದ್ದು, ತಾವು ಸ್ರವಿಸುವ ದ್ರವ್ಯಗಳಿಂದ ರೋಗಿಯ ಸ್ವಂತ ಕೋಶಗಳನ್ನು ಪ್ರಚೋದಿಸಿ ಮರೆಯಾಗುತ್ತವೆ. ಕೊನೆಗೆ ಹುಣ್ಣನ್ನು ಮುಚ್ಚಬೇಕಾದವು ಆ ಸ್ವಂತ ಕೋಶಗಳೇ.

ಇದರ ಪಕ್ಕದಲ್ಲಿ ಇನ್ನೊಂದು ಪರೀಕ್ಷೆಯನ್ನು ಇಡಬೇಕು. ೨೦೦೧ರಲ್ಲಿ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು ಮಧುಮೇಹದಿಂದ ಸ್ಪರ್ಶ ಕುಂದಿದ ಅಂಗಾಲುಗಳ ಹುಣ್ಣಿಗೆ ಮೂರು ಬಗೆಯ ರಕ್ಷೆಗಳನ್ನು ಹೋಲಿಸಿದರು. ಪಾದಕ್ಕೆ ಅಂಟಿಕೊಂಡಂತೆ ಕಟ್ಟುವ ಪ್ಲಾಸ್ಟರಿನಲ್ಲಿ ಹನ್ನೆರಡು ವಾರಗಳೊಳಗೆ ನೂರಕ್ಕೆ ಸುಮಾರು ೯೦ ಹುಣ್ಣುಗಳು ಮಾಯ್ದವು. ರೋಗಿಯೇ ಬಿಚ್ಚಿಡಬಹುದಾದ ಬೂಟಿನಲ್ಲಿ ೬೫, ಅರ್ಧಪಾದರಕ್ಷೆಯಲ್ಲಿ ೫೮. ಬೇರೆ ಬೇರೆ ಪರೀಕ್ಷೆಗಳ ರೋಗಿಗಳು ಒಂದೇ ತರದವರಲ್ಲವಾದುದರಿಂದ ಈ ಅಂಕಿಗಳನ್ನು ಮೊದಲಿನವುಗಳೊಡನೆ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ರಕ್ತಸಂಚಾರವೇ ನಿಂತ ಕಾಲಿಗೆ ಪ್ಲಾಸ್ಟರೂ ಒದಗದು. ಆದರೂ ವೆಲ್ಲೂರಿನ ಪಾಠ ಹಳತಾಗಿಲ್ಲವೆಂಬುದು ಸ್ಪಷ್ಟ. ಹೊಸ ಕೋಶಗಳನ್ನು ತಂದಿಡುವುದಕ್ಕಿಂತ ಮೊದಲು ಇರುವ ಕೋಶಗಳನ್ನು ತುಳಿಯದಿರುವುದು ಅವಶ್ಯಕ.

೬

ಹಾಗಾದರೆ ಮಧುಮೇಹಿಯ ಚರ್ಮಕೋಶದಲ್ಲಿ ದೋಷವೇ ಇಲ್ಲವೇ? ಇದೆ, ಆದರೆ ಅದು ಜನರು ಊಹಿಸಿದ್ದ ದೋಷವಲ್ಲವೆಂಬುದು ಇಪ್ಪತ್ತೊಂದನೆಯ ಶತಮಾನದ ಶೋಧ. ಮಾಯದ ಹುಣ್ಣಿನ ಅಂಚು ಸೊರಗಿ ತೆಳ್ಳಗಿರಬೇಕೆಂದು ತೋರುವುದು ಸಹಜ. ವಸ್ತುತಃ ಅದು ದಪ್ಪವಾಗಿ, ಜಡ್ಡುಗಟ್ಟಿ ನಿಂತಿರುತ್ತದೆ. ೨೦೦೫ರಲ್ಲಿ ಮಾರ್ಯಾನ ತೋಮಿಚ್-ಚಾನಿಚ್ ಮತ್ತು ಸಂಗಡಿಗರು ಇಂತಹ ಅಂಚುಗಳನ್ನು ಪರೀಕ್ಷಿಸಿ, ಬೀಟಾ-ಕೆಟೆನಿನ್ ಎಂಬ ಪ್ರೋಟೀನು ಕೆರಟಿನೊಸೈಟಿನ ಕೋಶಕೇಂದ್ರದಲ್ಲಿ ಸೇರಿಕೊಂಡಿರುವುದನ್ನೂ, ಸಿ-ಮಿಕ್ ಎಂಬ ಜೀನು ಅತಿಯಾಗಿ ಎಚ್ಚೆತ್ತಿರುವುದನ್ನೂ ತೋರಿಸಿದರು. ಕೋಶಗಳು ಒಡೆದು ಹೆಚ್ಚುತ್ತಲೇ ಇವೆ, ಆದರೆ ತೆವಳುತ್ತಿಲ್ಲ. ದಂಡು ಕೂಡಿದೆ, ನಡೆಯುವ ಅಪ್ಪಣೆ ಮಾತ್ರ ತಲುಪಿಲ್ಲ.

ಅಪ್ಪಣೆ ತಪ್ಪುವ ಬಗೆಯೊಂದನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಡೇನ ಗ್ರೇವ್ಸ್ ಮತ್ತು ಸಂಗಡಿಗರು ೨೦೧೩ರಲ್ಲಿಯೂ ೨೦೧೫ರಲ್ಲಿಯೂ ಇಲಿಗಳ ಮೇಲಿನ ಪ್ರಯೋಗಗಳಿಂದ ವಿವರಿಸಿದರು. ಕೆರಟಿನೊಸೈಟಿನಲ್ಲಿ ಫಾಕ್ಸೊ-೧ ಎಂಬ ನಿಯಾಮಕ ಪ್ರೋಟೀನೊಂದಿದೆ. ಆರೋಗ್ಯದ ಸ್ಥಿತಿಯಲ್ಲಿ ಅದು ಕೋಶವನ್ನು ಮುಂದೆ ಸಾಗಿಸುವ ದ್ರವ್ಯವನ್ನು ಹೆಚ್ಚಿಸಿ ಗಾಯ ಮುಚ್ಚುವುದಕ್ಕೆ ನೆರವಾಗುತ್ತದೆ. ಸಕ್ಕರೆ ಹೆಚ್ಚಿದಾಗ ಅದೇ ಪ್ರೋಟೀನು ಬೇರೆ ಜೀನುಗಳನ್ನು ಎಬ್ಬಿಸಿ, ಉರಿಯೂತದ ದ್ರವ್ಯಗಳನ್ನು ಹೊರಡಿಸಿ, ಕೋಶದ ಚಲನೆಯನ್ನೇ ತಡೆಯುತ್ತದೆ. ಕೆಲಸಗಾರನೂ ಮೇಸ್ತ್ರಿಯೂ ಅವರೇ. ಪರಿಸರ ಬದಲಾದುದರಿಂದ ಅಪ್ಪಣೆಯ ಅರ್ಥ ತಿರುಗಿಬಿದ್ದಿದೆ.

ಗಾಯವಾದುದು ಕೋಶಕ್ಕೆ ಮೊದಲು ತಿಳಿಯುವುದು ಹೇಗೆ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲಿಯೂ ಉತ್ತರ ದೊರೆತಿದೆ. ಅಲ್ಲಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಕಾಲಿನ್ ಜಮೋರ ಮತ್ತು ಸಂಗಡಿಗರು ನಡೆಸಿ ೨೦೨೨ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಚರ್ಮವು ಹರಿದಾಗ ಅದರಲ್ಲಿದ್ದ ಬಿಗಿತ ಸಡಿಲುವುದೇ ಒಂದು ಸಂಕೇತ. ಆ ಸಡಿಲಿಕೆಯಿಂದ ಒಂದು ಕಿಣ್ವವು ಕೋಶಕೇಂದ್ರವನ್ನು ಹೊಕ್ಕು, ದುರಸ್ತಿಯ ಕಾಲಕ್ಕೆ ಮೌನವಾಗಿರಬೇಕಾದ ಜೀನುಗಳ ಬಾಯಿ ಕಟ್ಟುತ್ತದೆ. ಮಧುಮೇಹದ ಹುಣ್ಣನ್ನು ಅರಿಯುವವರಿಗೂ ಈ ಆರಂಭದ ಸಂಕೇತದ ಜ್ಞಾನ ಅಗತ್ಯ.

ಫೈಬ್ರೊಬ್ಲಾಸ್ಟಿನ ಭಾಗವನ್ನು ಜಾಸ್ಲಿನ್ನರ ಊರಾದ ಬಾಸ್ಟನ್ನಿನಿಂದಲೇ ಅದೇ ವರ್ಷ ಬಂದ ಇನ್ನೊಂದು ಅಧ್ಯಯನ ಬೆಳಗಿತು. ಆಪ್ಲಿಗ್ರಾಫ್ ಪರೀಕ್ಷೆಯ ವರದಿಗಾರರಲ್ಲಿ ಮೊದಲಿಗರಾಗಿದ್ದ ಅರಿಸ್ಟೈಡಿಸ್ ವೇವೆಸ್ ಮತ್ತು ಸಂಗಡಿಗರು ಪಾದದ ಹುಣ್ಣುಗಳ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮಾಯುವ ಹಾದಿಯಲ್ಲಿದ್ದ ಹುಣ್ಣುಗಳಲ್ಲಿ ವಿಶಿಷ್ಟವಾದ ಒಂದು ಫೈಬ್ರೊಬ್ಲಾಸ್ಟ್ ಗುಂಪು ಅಧಿಕವಾಗಿದ್ದುದು ಕಂಡುಬಂದಿತು. ಉರಿಯೂತಕ್ಕೂ, ಹಳೆಯ ನಾರನ್ನು ಕಡಿದು ಹೊಸದಾಗಿ ಜೋಡಿಸುವುದಕ್ಕೂ ಸಂಬಂಧಿಸಿದ ಜೀನುಗಳು ಅದರಲ್ಲಿ ಚುರುಕಾಗಿದ್ದವು. ಉರಿಯೂತವೆಲ್ಲವೂ ಶತ್ರುವೆಂಬ ಸರಳ ನಂಬಿಕೆಯೂ ಇದರಿಂದ ತಿದ್ದುಪಡಿಗೊಂಡಿತು. ಹೊತ್ತಿಗೆ ಬಂದು ಹೊತ್ತಿಗೆ ಹೋಗುವ ಉರಿಯೂತ ಉಪಕಾರಿ. ಬಂದು ನೆಲಸಿದುದು ಅಪಕಾರಿ.

೭

ಇಷ್ಟು ದೂರದ ಚರಿತ್ರೆಯಿಂದ ಒಂದು ತೀರ್ಮಾನಕ್ಕೆ ಬರಬಹುದೆಂದು ತೋರುತ್ತದೆ. ಹುಣ್ಣನ್ನು ಮಾಯಿಸುವವು ರೋಗಿಯ ಸ್ವಂತ ಚರ್ಮಕೋಶಗಳು. ವೈದ್ಯಶಾಸ್ತ್ರವು ಸಾಧಿಸಿದುದೆಲ್ಲವೂ ಅವುಗಳ ದಾರಿಯ ಅಡ್ಡಿಗಳನ್ನು ಗುರುತಿಸಿ ತೆಗೆದುದರಿಂದ. ಟ್ರೀವ್ಸರು ಜಡ್ಡನ್ನು ತೆಗೆದರು, ಬ್ರ್ಯಾಂಡರು ಭಾರವನ್ನು ತೆಗೆದರು, ವಿಂಟರರು ಹಕ್ಕಳೆಯನ್ನು ತೆಗೆದರು. ತಪ್ಪಿದ ಅಪ್ಪಣೆಯನ್ನು ಸರಿಪಡಿಸುವ ಕೆಲಸ ಪ್ರಯೋಗಶಾಲೆಗಳಲ್ಲಿ ಇನ್ನೂ ನಡೆಯುತ್ತಿದೆ. ಅಡ್ಡಿಗಳನ್ನು ಹಾಗೆಯೇ ಬಿಟ್ಟು ಹೊಸ ಕೋಶವನ್ನೋ ಹೊಸ ದ್ರವ್ಯವನ್ನೋ ಸುರಿದಲ್ಲೆಲ್ಲ ಫಲ ಅರೆಯಾಯಿತು.

ಈ ತೀರ್ಮಾನಕ್ಕೆ ವ್ಯಾವಹಾರಿಕವಾದ ಒಂದು ಮುಖವೂ ಇದೆ. ೨೦೧೭ರಲ್ಲಿ ಪ್ರಕಟವಾದ ಪ್ರಮಾಣಭೂತ ಸಮೀಕ್ಷೆಯೊಂದರಂತೆ, ಮಾಯ್ದ ಹುಣ್ಣುಗಳಲ್ಲಿ ನೂರಕ್ಕೆ ೪೦ರಷ್ಟು ಒಂದೇ ವರ್ಷದಲ್ಲಿ ಮರುಕಳಿಸುತ್ತವೆ. ಮಾಯ್ದ ಮಾತ್ರಕ್ಕೆ ಕಾರಣಗಳು ಮಾಯವಾಗಿರುವುದಿಲ್ಲ. ನರಗಳು ಮೊದಲಿನಂತೆಯೇ ಜಡವಾಗಿವೆ, ಪಾದವು ಮೊದಲಿನಂತೆಯೇ ಭಾರ ಹೊರುತ್ತದೆ. ಪ್ರತಿ ಸಂಜೆ ಅಂಗಾಲನ್ನು ನೋಡಿಕೊಳ್ಳುವುದು, ತಕ್ಕ ಪಾದರಕ್ಷೆಯಿಲ್ಲದೆ ನಡೆಯದಿರುವುದು, ಜಡ್ಡನ್ನು ಮನೆಯಲ್ಲಿ ಬ್ಲೇಡಿನಿಂದ ಕೊಯ್ಯದೆ ವೈದ್ಯರಿಂದ ತೆಗೆಸುವುದು, ನೋವಿಲ್ಲವೆಂದು ಹುಣ್ಣನ್ನು ಅಲಕ್ಷಿಸದೆ ನೋವಿಲ್ಲದಿರುವುದನ್ನೇ ಅಪಾಯದ ಗುರುತೆಂದು ತಿಳಿಯುವುದು ಇವು ಯಾವ ಮನೆಯವರಿಗೂ ಎಟುಕದ ಕ್ರಮಗಳಲ್ಲ. ಹೊಸ ಶೋಧಗಳು ಕೋಶದ ಒಳಗನ್ನು ಎಷ್ಟೇ ಬೆಳಗಲಿ, ಈ ಸಾಮಾನ್ಯ ಕ್ರಮಗಳಿಗೆ ಅವು ಹೆಚ್ಚಿನ ಆಧಾರವನ್ನು ಒದಗಿಸಿವೆಯೇ ಹೊರತು ಅವುಗಳನ್ನು ಅನಾವಶ್ಯಕವಾಗಿಸಿಲ್ಲ.